ವರ್ಲೀನ್ ಆರಿಸಿದ ರಿವಾಲ್ವರ್

ಬಲಗೈ ನಡುಗಲು ಶುರುವಾದಾಗ ಹೋಲಿಸ್ ಅದನ್ನು ಹೆಂಡತಿ ವರ್ಲೀನಳಿಗೆ ಕಾಣದಂತೆ ಮುಚ್ಚಿಡಲು ನೋಡಿದ. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು "ಚಳಿ" ಎಂದ. ಸುಡುಬೇಸಿಗೆಯ ಜುಲೈ ತಿಂಗಳಲ್ಲಿ, ಅಮೆರಿಕದ ಅರ್ಕನ್ಸಾದ ಬೆಟ್ಟಗಳಲ್ಲಿ ಎಲ್ಲಿಯ ಚಳಿ? ಡಾಕ್ಟರು ಕಾಯಿಲೆಯ ಹೆಸರು ಹೇಳಿದ ದಿನ ಮನೆಗೆ ಬಂದವನೇ ಸೊಂಟದ ಪಿಸ್ತೂಲನ್ನು ಬಿಚ್ಚಿ, ಗುಂಡು ತೆಗೆದು, ಅಡುಗೆಮನೆಯ ಮೇಜಿನ ಮೇಲಿಟ್ಟ.

"ಇನ್ನು ಇದು ನನ್ನ ಹತ್ರ ಇರಬಾರದು. ನಡುಗೋ ಕೈಗೆ ಇದನ್ನ ಕೊಡೋದೂ ಒಂದೇ, ಕೋತಿಗೆ ಹೆಂಡ ಕುಡಿಸೋದೂ ಒಂದೇ."

"ಸರಿ, ಕಪಾಟಲ್ಲಿಡು."

"ಕಪಾಟಿಗಲ್ಲ. ನೀನು ಪ್ರೂಯಿಟ್‌ನ ಪಿಸ್ತೂಲು ಕ್ಲಾಸಿಗೆ ಸೇರು. ಜೊತೇಲಿ ಇಟ್ಕೊಂಡು ಓಡಾಡೋ ಪರವಾನಗಿ ಮಾಡಿಸ್ಕೋ."

ಪ್ರತಿ ಶನಿವಾರ ಇಬ್ಬರೂ ಜೇನಿನ ಬಾಟಲಿಗಳನ್ನು ಪಿಕಪ್ ಗಾಡಿಯಲ್ಲಿ ತುಂಬಿಕೊಂಡು ಸಂತೆಗೆ ಹೋಗುತ್ತಿದ್ದರು. ಕತ್ತಲಲ್ಲಿ ದುಡ್ಡಿನ ಜೊತೆ ಬರುವ ದಾರಿಯಲ್ಲಿ ಫೋನು ಸಿಗುವುದಿಲ್ಲ, ಏನಾದರೂ ಆದರೆ ಶೆರಿಫನ ಪೊಲೀಸ್ ಕಾರು ಬರುವ ಹೊತ್ತಿಗೆ ಬೆಳಗಾಗುತ್ತದೆ. ಇಷ್ಟು ವರ್ಷ ಸ್ಟೀರಿಂಗೂ ಪಿಸ್ತೂಲೂ ಹೋಲಿಸ್‌ನವು. ಈಗ ಸ್ಟೀರಿಂಗ್ ಅವಳ ಕೈಗೆ ಬಂದಾಗಿತ್ತು. ಅಪ್ಪನ ಕೋಳಿಗೂಡಿನ ಹಾವುಗಳನ್ನು ಹುಡುಗಿಯಾಗಿದ್ದಾಗಲೇ ಬಂದೂಕಿನಲ್ಲಿ ಹೊಡೆದವಳು ವರ್ಲೀನ್. ಆದರೆ ಮನುಷ್ಯರ ನಡುವೆ ಪಿಸ್ತೂಲನ್ನು ಮೈಮೇಲೆ ಮರೆಮಾಡಿಕೊಂಡು ಓಡಾಡುವುದೆಂದರೆ ಅವಳಿಗೆ ಆಗದು. ಆದರೂ ಗಂಡನ ಮುಖ ನೋಡಿ "ಹೂಂ" ಅಂದಳು.

ಕ್ಲಾಸು ನಡೆಯುವುದು ಊರಿನ ಅಗ್ನಿಶಾಮಕ ಠಾಣೆಯಲ್ಲಿ. ಶೆರಿಫನ ಕೈಕೆಳಗೆ ದುಡಿದು ನಿವೃತ್ತನಾದ ಪ್ರೂಯಿಟ್ ಅಲ್ಲಿ ಮೇಷ್ಟ್ರು. ಹೋಲಿಸ್ "ಸುಮ್ನೆ ಜೊತೆಗೆ" ಎಂದು ಬಂದು ಹಿಂದಿನ ಕುರ್ಚಿ ಹಿಡಿದ.

"ಪರವಾನಗಿ ಸಿಕ್ತು ಅಂತ ಎದೆ ಉಬ್ಬಿಸಬೇಡಿ," ಎಂದ ಪ್ರೂಯಿಟ್. "ಯಾರಾದ್ರೂ ಜಗಳಕ್ಕೆ ಬಂದ್ರೆ ಮೊದಲು ಕಾಲಿಗೆ ಬುದ್ಧಿ ಹೇಳಿ. ಬೇರೆ ದಾರಿನೇ ಇಲ್ಲ, ಜೀವ ಹೋಗುತ್ತೆ ಅಂದಾಗ ಮಾತ್ರ ಪಿಸ್ತೂಲು. ಈಗ ಹೇಳಿ ವರ್ಲೀನ್, ನಿಮ್ಮ ಗಾಡಿಯಿಂದ ಒಬ್ಬ ಜೇನು ಎತ್ಕೊಂಡು ಹೋಗ್ತಿದಾನೆ. ಏನ್ಮಾಡ್ತೀರಿ?"

"ಹೋಗ್ಲಿ ಬಿಡಿ ಅಂತ ಹೇಳೇ," ಎಂದು ಹಿಂದಿನಿಂದ ಪಿಸುದನಿ ಬಂತು.

"ಹೋಲಿಸ್, ಇನ್ನೊಂದು ಸಲ ಬಾಯಿ ಬಿಟ್ರೆ ಹೊರಗೆ ಗಾಡೀಲಿ ಕೂರಿಸ್ತೀನಿ."

"ಜೇನು ತಗೊಂಡು ಹೋಗಪ್ಪ ಅಂತೀನಿ," ಎಂದಳು ವರ್ಲೀನ್. "ಹಾಗೇ ಹಿಂದೆ ಕೂತಿರೋ ಈ ಮನುಷ್ಯನ್ನೂ ಕರ್ಕೊಂಡು ಹೋಗು ಅಂತೀನಿ."

ಕ್ಲಾಸೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಹೋಲಿಸ್.

ಗುಂಡು ಹೊಡೆಯುವ ಪರೀಕ್ಷೆಗೆ ಮೊದಲು ಆಯುಧ ಆರಿಸಬೇಕಿತ್ತು. ಇಬ್ಬರೂ ಬಂದೂಕಿನ ಅಂಗಡಿಗೆ ಹೋದರು; ಅದರ ಹಿಂದೆಯೇ ಹೊಡೆದು ನೋಡುವ ಜಾಗವಿತ್ತು. ಹೋಲಿಸ್ ತನ್ನದನ್ನೇ ತಂದಿದ್ದ. ಗುಂಡು ಒಳಸೇರಿಸಲು ವರ್ಲೀನ್ ಹಲ್ಲು ಕಚ್ಚಿ ಅದರ ಮೇಲ್ಭಾಗವನ್ನು ಹಿಂದಕ್ಕೆಳೆದಳು. ಸಂಧಿವಾತದ ಬೆರಳುಗಳಿಗೆ ಅದು ಜಗ್ಗಲಿಲ್ಲ. ಅಂಗಡಿಯವನು ಗುಲಾಬಿ ಬಣ್ಣದ ಪುಟ್ಟದೊಂದನ್ನು ಮುಂದಿಟ್ಟು, "ಹೆಂಗಸರೆಲ್ಲ ಇದನ್ನೇ ಒಯ್ಯೋದು" ಎಂದ.

"ಮೊಮ್ಮಗಳ ಆಟದ ಸಾಮಾನು ಕೊಳ್ಳೋಕೆ ಬಂದಿಲ್ಲ ಕಣಪ್ಪ."

ಆದರೂ ಒಮ್ಮೆ ಹೊಡೆದು ನೋಡಿದಳು. ಹಗುರವಾದ ಅದು ಕೈಗೆ ಕತ್ತೆಯ ಹಾಗೆ ಒದೆಯಿತು. ಕೊನೆಗೆ ಕೈಗೆ ಬಂದದ್ದು ಬಣ್ಣ ಮಾಸಿದ, ತುಸು ಭಾರದ ಹಳೆಯ ರಿವಾಲ್ವರ್. ಅದರಲ್ಲಿ ಎಳೆಯುವ ಗೋಜಿಲ್ಲ. ಭಾರವೇ ಒದೆತವನ್ನು ನುಂಗಿತು. "ಇದೇ," ಎಂದಳು.

ಮನೆಗೆ ಬರುವಾಗ ಹೋಲಿಸ್ ಕಿಟಕಿಯ ಆಚೆಯೇ ನೋಡುತ್ತಿದ್ದ.

"ಯಾಕೆ ಮುಖ ಗಂಟು ಹಾಕ್ಕೊಂಡೆ?"

"ನನ್ನ ಪಿಸ್ತೂಲು ನಿನ್ನ ಸೊಂಟದಲ್ಲಿದ್ರೆ, ಅರ್ಧ ನಾನೇ ಇದ್ದ ಹಾಗೆ ಅನ್ಕೊಂಡಿದ್ದೆ."

ವರ್ಲೀನ್ ಗಾಡಿಯನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿದಳು. "ಅರ್ಧ ತಗೊಂಡು ಏನು ಮಾಡ್ಲಿ? ಪಕ್ಕದಲ್ಲಿ ಇಡೀ ಹೋಲಿಸ್ ಕೂತಿದಾನಲ್ಲ, ನನ್ನ ಡ್ರೈವಿಂಗಿಗೆ ತಪ್ಪು ಹುಡುಕ್ತಾ."

ಅವನು ಕೆನ್ನೆ ಕೆರೆದುಕೊಂಡ. "ತಿರುವಿನಲ್ಲಿ ಬ್ರೇಕು ತಡವಾಗಿ ಹಾಕ್ತೀಯ. ನಿಜ."

ಪರೀಕ್ಷೆಯ ದಿನ ಕಾಗದದ ಗುರಿಯ ಮೇಲೆ ಅವಳ ಗುಂಡುಗಳು ಒಂದು ಅಂಗೈಯಗಲದಲ್ಲಿ ಬಿದ್ದವು. ಪ್ರೂಯಿಟ್ ತಲೆದೂಗಿದ. ಗಾಜಿನಾಚೆ ನಿಂತಿದ್ದ ಹೋಲಿಸ್ ಎರಡೂ ಕೈ ಎತ್ತಿದ. ಬಲಗೈ ನಡುಗುತ್ತಿತ್ತು, ಅವನು ಅದನ್ನು ಮುಚ್ಚಿಕೊಳ್ಳಲಿಲ್ಲ.

ರಿವಾಲ್ವರನ್ನು ಮನೆಯ ತಿಜೋರಿಯಲ್ಲಿಟ್ಟು ಇಬ್ಬರೂ ಕರಿದ ಮೀನು ತಿನ್ನಲು ಹೊರಟರು. ಪರವಾನಗಿ ಇನ್ನೂ ಅಂಚೆಯಲ್ಲಿ ಬರಬೇಕಿತ್ತು. ಹೋಟೆಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ಬಾಗಿಲು ಕಾಣುವ ಕುರ್ಚಿ ಮದುವೆಯಾದಂದಿನಿಂದ ಹೋಲಿಸ್‌ನದು. ಅವನು ಅದನ್ನು ಹಿಂದಕ್ಕೆ ಸರಿಸಿ, "ಕೂತ್ಕೋ" ಎಂದ. ತಾನು ಎದುರಿಗೆ, ಬಾಗಿಲಿಗೆ ಬೆನ್ನಾಗಿ ಕೂತ.

ವರ್ಲೀನ್ ಕೂತು ಕತ್ತೆತ್ತಿ ನೋಡಿದಳು. ಬಾಗಿಲು, ಹೊರಗಿನ ಗಾಡಿಗಳು, ಒಳಬರುವವರ ಮುಖಗಳು ಎಲ್ಲ ಕಾಣುತ್ತಿದ್ದವು. ಇಷ್ಟು ವರ್ಷ ಇವನು ಊಟದ ನಡುವೆ ಇದನ್ನೆಲ್ಲ ನೋಡುತ್ತಿದ್ದನೇ ಎನ್ನಿಸಿತು.

ಹೋಲಿಸ್ ಅವಳ ತಲೆಯ ಮೇಲಿನ ಗೋಡೆಯನ್ನು ನೋಡಿ ಹುಬ್ಬೇರಿಸಿದ. "ಅಲ್ಲ ಕಣೇ, ಇಲ್ಲಿ ಇಷ್ಟು ದೊಡ್ಡ ಮೀನಿನ ಚಿತ್ರ ಯಾವಾಗ ಹಾಕಿದ್ರು?"

"ನಾವು ಮೊದಲ ಸಲ ಬಂದಾಗಲೂ ಇತ್ತು ಮಾರಾಯ," ಎಂದಳು ವರ್ಲೀನ್, ಆಗಷ್ಟೇ ಬಂದ ಅವನ ತಟ್ಟೆಯ ಮೀನನ್ನು ಬಿಡಿಸಿ ಮುಳ್ಳು ತೆಗೆಯುತ್ತ. "ತಿನ್ನು, ಆರಿಹೋಗುತ್ತೆ. ಬಾಗಿಲು ನಾನು ನೋಡ್ಕೋತೀನಿ."