ಎಡಕ್ಕೆ ಎಳೆಯುವ ಕಾರು

ಇವನಿಗೆ ನನ್ನ ಗುರುತು ಸಿಕ್ಕಿತೇ? ಸಿಕ್ಕಿದ್ದರೆ ಯಾಕೆ ಸುಮ್ಮನೆ ನಿಂತಿದ್ದಾನೆ? ಹಿಂದಿನ ಸೀಟಿನಲ್ಲಿ ಸಿಗರೇಟು ಸುಟ್ಟ ತೂತನ್ನು ಮುಟ್ಟಿದವನು ತಟ್ಟನೆ ಕೈ ಹಿಂದೆಗೆದುಕೊಂಡನಲ್ಲ. ಮಾರಾಟಕ್ಕೆ ನಿಂತ ದಿನ ನನಗೆ ಹೀಗನಿಸಿತ್ತು.

ನಾನೊಂದು ಬಿಳಿ ಕಾರು. ಕಾರ್ಖಾನೆಯಲ್ಲಿ ನನ್ನ ಜೊತೆ ಹುಟ್ಟಿದವರೆಲ್ಲ ಒಂದೊಂದು ಮನೆ ಸೇರಿದರು. ಅವರಿಗೆ ಆರತಿ, ಚಕ್ರದಡಿ ನಿಂಬೆಹಣ್ಣು. ನನಗೆ ಸಿಕ್ಕಿದ್ದು ಹುಬ್ಬಳ್ಳಿಯ ಬಾಡಿಗೆ ಅಂಗಡಿ, ಹಳದಿ ಅಕ್ಷರದ ಕರಿ ನಂಬರ್ ಪ್ಲೇಟು. ಬಾಡಿಗೆಗೆ ಪಡೆದವರು ತಾವೇ ಓಡಿಸಿಕೊಂಡು ಹೋಗುತ್ತಿದ್ದರು. ಹೆಣ್ಣು ನೋಡಲು ಹೊರಟ ಒಬ್ಬ, ಪ್ಲೇಟು ಮುಚ್ಚುವಂತೆ ಹೂವಿನ ಹಾರ ಇಳಿಬಿಟ್ಟು ನನ್ನನ್ನು ತನ್ನದೆಂದೇ ಹೇಳಿಕೊಂಡ.

ಆ ತೂತು ಮುಟ್ಟಿದ ಪ್ರಭುಲಿಂಗನೂ ಹಿಂದೊಮ್ಮೆ ಹಾಗೆ ಬಾಡಿಗೆಗೆ ಬಂದವನೇ. ಧಾರವಾಡದಲ್ಲಿ ಕಾಲೇಜು ಮೇಷ್ಟ್ರು. ಪೇಪರ್ ತಿದ್ದಲು ಹೋಗುತ್ತಿದ್ದೇನೆಂದು ಹೆಂಡತಿ ಶೈಲಾಳಿಗೆ ಅವನು ಫೋನು ಮಾಡಿದ್ದು ನನ್ನೊಳಗೆ ಕೂತೇ. ಹಿಂದೆ ಗೆಳೆಯರು ನಗು ತಡೆದುಕೊಂಡಿದ್ದರು; ಅವರಲ್ಲೊಬ್ಬನ ಸಿಗರೇಟು ಸೀಟಿಗೆ ತೂತು ಸುಟ್ಟಿತು. ಹೊಳೆಯ ದಂಡೆಯಲ್ಲಿ ಕುಡಿದವನು ನನ್ನನ್ನು ಬಂಡೆಯ ಮೇಲೆ ಹತ್ತಿಸಿದ. ಎಡ ಮುಂಚಕ್ರ ಹಿಡಿದಿದ್ದ ಕಬ್ಬಿಣದ ತೋಳು ಬಾಗಿತು. ಅಂದಿನಿಂದ ಬ್ರೇಕ್ ಒತ್ತಿದರೆ ನಾನು ಎಡಕ್ಕೆ ಎಳೆಯುತ್ತೇನೆ.

ಅವನು ನನ್ನನ್ನು ತೊಳೆಸಿ ಮರಳಿಸಿದ. ಅಂಗಡಿಯವರು ಸುತ್ತ ತಿರುಗಿ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡರು. ಮೈಮೇಲೆ ಗೀರಿರಲಿಲ್ಲ. ಅಡಿಯಲ್ಲಿ ಬಗ್ಗಿ ನೋಡುವ ರೂಢಿ ಅಲ್ಲಿರಲಿಲ್ಲ.

ಕೆಲ ಕಾಲದ ಮೇಲೆ ಕರಿ ಪ್ಲೇಟು ತೆಗೆದು ಬಿಳಿಯದು ಹಾಕಿ ನನ್ನನ್ನು ಮಾರಾಟಕ್ಕೆ ನಿಲ್ಲಿಸಿದರು. ಕೊಳ್ಳಲು ಬಂದವಳು ಅವನ ತಂಗಿ ನೀಲಾ. ಮನೆಯಲ್ಲೇ ರೊಟ್ಟಿ ಬಡಿದು ಹಾಸ್ಟೆಲುಗಳಿಗೆ ಕೊಡುವವಳು. ಜೊತೆಗೆ ಅವನೂ ಶೈಲಾಳೂ ಬಂದಿದ್ದರು.

"ಬಾಡಿಗಿ ಗಾಡಿ ಅಂದ್ರ ಹೆಂಗೋ ಏನೋ," ಎಂದಳು ಶೈಲಾ.

"ನಮ್ಮ ಮನಿ ಕಟ್ಟಿ ಇದ್ದಂಗ ವೈನಿ, ಊರ ಮಂದಿಯೆಲ್ಲಾ ಕುಂತು ಎದ್ದು ಹೋಗಿರ್ತಾರ," ಎಂದು ನೀಲಾ ನಕ್ಕಳು. "ಅಣ್ಣಾ, ನೀ ನಡಸಿ ನೋಡು. ನೀ ಹೂಂ ಅಂದ್ರ ತಗೋತೀನಿ."

ಅವನು ನನ್ನನ್ನು ಒಂದು ಸುತ್ತು ಓಡಿಸಿದ. ಬ್ರೇಕ್ ಒತ್ತಿದ. ನಾನು ಇದ್ದ ಬಲವನ್ನೆಲ್ಲ ಹಾಕಿ ಎಡಕ್ಕೆ ಎಳೆದೆ. ಅವನು ಸ್ಟೀರಿಂಗನ್ನು ಬಲಕ್ಕೆ ತಿರುಗಿಸಿ ಹಿಡಿದ. ಇಳಿದು ಬಾಗಿಲು ಹಾಕಿದ.

"ಹೆಂಗೈತಿ?" ಎಂದಳು ನೀಲಾ.

ಅವನು ಶೈಲಾಳ ಕಡೆ ನೋಡಿದ. ಬೇಡವೆಂದರೆ ಯಾಕೆಂದು ಕೇಳುತ್ತಾರೆ; ಅಂಗಡಿಯವರು ಹಳೆಯ ಬಾಡಿಗೆ ಪುಸ್ತಕ ತೆಗೆದರೆ ಪೇಪರ್ ತಿದ್ದುವ ಸುಳ್ಳು ಹೊರಬೀಳುತ್ತದೆ. "ಛಲೋ ಐತಿ, ತಗೊ," ಎಂದ.

ನೀಲಾ ನನಗೆ ಆರತಿ ಎತ್ತಿದಳು. ಮೊದಲ ಸಲ ನನಗೊಂದು ಮನೆ ಸಿಕ್ಕಿತು. ರೊಟ್ಟಿಬುಟ್ಟಿಯ ಬಿಸಿ ಹೊತ್ತು ಓಡಾಡಿದೆ. ಹೊಸದಾಗಿ ಕಲಿತು ಮೆಲ್ಲಗೆ ನಡೆಸುತ್ತಿದ್ದ ಅವಳಿಗೆ ನನ್ನ ಎಳೆತ ತಿಳಿಯಲಿಲ್ಲ. ಒಂದು ಮುಂಜಾನೆ ಎಮ್ಮೆಯೊಂದು ಅಡ್ಡ ಬಂತು. ಅವಳು ಗಾಬರಿಯಾಗಿ ಬ್ರೇಕ್ ಒತ್ತಿದಳು. ನಾನು ಎಳೆದುಕೊಂಡು ಹೋಗಿ ರಸ್ತೆಬದಿಯ ಮೋರಿಗೆ ಬಡಿದೆ. ಅವಳ ಬಲಗೈ ಮಣಿಕಟ್ಟು ಮುರಿಯಿತು.

ಕೈ ಕೂಡಿಕೊಂಡಿತು, ಆದರೆ ರೊಟ್ಟಿ ಬಡಿಯುವ ಬಲ ಬರಲಿಲ್ಲ. ನನ್ನನ್ನು ಗುಜರಿಗೆ ಬಿಡುವ ದಿನ ಅಣ್ಣ ತಂಗಿ ಇಬ್ಬರೂ ಬಂದಿದ್ದರು.

"ಗಾಡಿದೇನೂ ತಪ್ಪಿಲ್ಲಣ್ಣಾ," ಎಂದಳು ನೀಲಾ, ಎಡಗೈಯಿಂದ ನನ್ನ ಬಾನೆಟ್ ಸವರುತ್ತ. "ನನಗ ನಡಸಾಕ ಬರಲಿಲ್ಲ."

ಅವನು ನನ್ನ ಕಾಗದಗಳನ್ನು ಗುಜರಿಯವನ ಕೈಗೆ ಕೊಟ್ಟ. "ಆತು ಬಿಡವಾ. ಆಗೂದು ಆಗಿ ಹೋತು," ಎಂದ.

ನಾನಿಲ್ಲಿ ತುಕ್ಕು ಹಿಡಿಯುತ್ತಿದ್ದೇನೆ. ಮೋರಿಯ ಕಡೆ ಎಳೆದದ್ದು ನಾನೇ. ಆ ಭಾರ ನನಗೂ ಇದೆ. ಆದರೆ ನನಗೆ ಬಾಯಿಲ್ಲ, ಅವನಿಗಿತ್ತು. ಕಾರನ್ನು ಬಂಡೆಗೆ ಹೊಡೆದವನು ತಾನೆಂದು ಪ್ರಭುಲಿಂಗ ತಂಗಿಗೆ ಹೇಳಲೇ ಇಲ್ಲ.