ಕೋಚ್ ಮನೆ ಮುಂದೆ ನನ್ನ ಬೋರ್ಡು

ಭಾನುವಾರ ಬೆಳಿಗ್ಗೆ ಕಾಫಿ ಇನ್ನೂ ಇಳಿದಿರಲಿಲ್ಲ, ಫೋನು ಹೊಡೆದುಕೊಳ್ಳತೊಡಗಿತು.

"ಮಿಸ್ ವರ್ಲೀನ್, ಕೋಚ್ ಮನೆಗೆ ಎಷ್ಟು ಹೇಳ್ತಿದೀರಿ?"

"ಯಾವ ಕೋಚ್? ಯಾವ ಮನೆ?"

ಆ ಕಡೆ ಯಾರೋ ಹುಡುಗರು ಕಿಸಕ್ಕನೆ ನಕ್ಕು ಇಟ್ಟುಬಿಟ್ಟರು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು. ಈ ಸಲ ಹೆಂಗಸಿನ ದನಿ. "ಅಡುಗೆಮನೆ ದೊಡ್ಡದಾ ಮೇಡಂ? ಅರವತ್ಮೂರು ತಟ್ಟೆ ಹಿಡಿಸುತ್ತಾ?"

ಅರವತ್ತಮೂರು ಎಂದ ಕೂಡಲೇ ಇದು ಆಟದ ವಿಷಯ ಎಂದು ತಿಳಿಯಿತು. ಹಿಂದಿನ ದಿನ ನಮ್ಮ ಡನ್‌ಮೋರ್ ಕಾಲೇಜಿನ ಫುಟ್‌ಬಾಲ್ ತಂಡ ನಮ್ಮದೇ ಮೈದಾನದಲ್ಲಿ, ನಮ್ಮದೇ ಜನರೆದುರು, ಟಾಲ್ಬಟ್ ಕಾಲೇಜಿನ ಕೈಲಿ ಅರವತ್ತಮೂರಕ್ಕೆ ಮೂರು ಅಂಕದಿಂದ ಸೋತಿತ್ತು. ಆ ಮೂರೂ ಅವರು ಮರುಕಪಟ್ಟು ಬಿಟ್ಟುಕೊಟ್ಟದ್ದು ಎಂದು ಊರಿನಲ್ಲಿ ಹೇಳುತ್ತಾರೆ.

ನಮ್ಮ ತಂಡ ಹೀಗೆ ಮಾನ ಕಳೆದಾಗಲೆಲ್ಲ ಊರಿನವರು ಕೋಚ್ ಮನೆಯ ಹುಲ್ಲಿನ ಮೇಲೆ 'ಮಾರಾಟಕ್ಕಿದೆ' ಎಂದು ಬೋರ್ಡು ನೆಡುತ್ತಾರೆ. ಗಂಟುಮೂಟೆ ಕಟ್ಟು ಎಂದು ಅದರ ಅರ್ಥ. ನನ್ನ ಅಜ್ಜನ ಕಾಲದಿಂದಲೂ ನಡೆದುಕೊಂಡು ಬಂದ ಪದ್ಧತಿ; ನೆಡುವವರು ರಟ್ಟಿನ ಮೇಲೆ ಬಣ್ಣದಲ್ಲಿ ಗೀಚಿ, ಕೋಲಿಗೆ ಮೊಳೆ ಹೊಡೆದು ತರುತ್ತಾರೆ. ನಾನು ಮನೆ ಮಾರಿಸುವ ಕಸುಬಿನವಳು; ಮದುವೆಯಾಗಿದ್ದರೂ ಊರಿಗೆಲ್ಲ ಮಿಸ್ ವರ್ಲೀನ್. ನನ್ನ ಬಳಿ ಇರುವುದು ಕಬ್ಬಿಣದ ಕಾಲಿನ ನಿಜವಾದ ಬೋರ್ಡು. ಅದರಲ್ಲಿ ಹಲ್ಲು ಕಿರಿದ ನನ್ನ ಫೋಟೋ, ಫೋನ್ ನಂಬರು, ಕೆಳಗೆ ದಪ್ಪಕ್ಷರದಲ್ಲಿ 'ವರ್ಲೀನ್ ಇರುವಾಗ ಚಿಂತೆ ಯಾಕೆ?' ನನ್ನನ್ನು ಬಲ್ಲವರು ಆ ಸಾಲು ಓದಿ ಹೊಟ್ಟೆ ಹಿಡಿದು ನಗುತ್ತಾರೆ. ಚಿಂತೆಯಿಲ್ಲದೆ ನಾನು ಹಲ್ಲು ಕೂಡ ಉಜ್ಜುವವಳಲ್ಲ.

"ರಾಯ್ಸ್, ನಿನ್ನೆ ನನ್ನ ಗಾಡಿ ಡಿಕ್ಕಿ ತೆಗೆದಿದ್ಯಾ?"

ನನ್ನ ಗಂಡ ಬ್ರೆಡ್ಡಿಗೆ ಬೆಣ್ಣೆ ಹಚ್ಚುವುದನ್ನು ನಿಲ್ಲಿಸಲಿಲ್ಲ. ಈಗಾಗಲೇ ಹಚ್ಚಿದ್ದ ಕಡೆಗೇ ಮತ್ತೆ ಹಚ್ಚಿದ.

"ಎಲ್ರೂ ರಟ್ಟಲ್ಲಿ ಬರೀತಾರೆ. ಒಂದು ಮಳೆ ಬಂದ್ರೆ ಅಳಿಸ್ಕೊಂಡು ಹೋಗುತ್ತೆ. ಮಾಡೋ ಕೆಲಸ ನೆಟ್ಟಗೆ ಮಾಡೋಣ ಅಂತ..."

"ನನ್ನ ಮುಖ ಇದೆ ಅದರಲ್ಲಿ, ಮಹಾರಾಯ!"

"ಕತ್ಲಲ್ಲಿ ಹಿಂದುಮುಂದು ತಿಳೀಲಿಲ್ಲ. ಫೋಟೋ ಮನೆ ಕಡೆಗೆ ತಿರುಗಿದೆ, ರಸ್ತೆಗೆ ಕಾಣಲ್ಲ ಅಂದ್ಕೊಂಡೆ."

"ಎರಡೂ ಕಡೆ ನಾನೇ ಇದೀನಿ. ಹದಿನೈದು ವರ್ಷದಿಂದ ಎರಡೂ ಕಡೆ ನಾನೇ ಇದೀನಿ!"

"ಸಿಟ್ಟು ಬಂದಿತ್ತು ವರ್ಲೀನ್," ಎಂದ. ಸಿಟ್ಟು ನನಗೂ ಬಂದಿತ್ತು. ಆದರೆ ನಮಗೆ ಸಿಟ್ಟು ಮಾಡಿಕೊಳ್ಳುವ ಹಕ್ಕಿರಲಿಲ್ಲ. ಯಾಕೆಂದರೆ ನಮ್ಮ ಮಗ ಕೋಲ್ಬಿ ಅದೇ ತಂಡದಲ್ಲಿದ್ದಾನೆ.

ಇದ್ದಾನೆ ಎಂದರೆ, ತಂಡದ ಅಂಗಿ ಹಾಕಿಕೊಂಡು ಮೈದಾನದ ಗೆರೆಯಾಚೆ ನಿಂತಿದ್ದಾನೆ. ಅವನನ್ನು ಯಾರೂ ಕರೆದು ಸೇರಿಸಿಕೊಂಡವರಲ್ಲ. ತಾನೇ ಹೋಗಿ ಬಾಗಿಲು ತಟ್ಟಿ, ನನ್ನನ್ನೂ ನೋಡಿ ಎಂದು ಕೇಳಿ ಸೇರಿದವನು. ನಮ್ಮ ಫುಟ್‌ಬಾಲಿನಲ್ಲಿ ಚೆಂಡನ್ನು ಕೈಲಿ ಹಿಡಿದು ಓಡುವುದು, ಓಡುವವನನ್ನು ಕೆಡವುವುದು; ಕಾಲಿಗಿಂತ ಭುಜಕ್ಕೆ ಕೆಲಸ ಹೆಚ್ಚು. ವಾರವಿಡೀ ತಂಡದ ದಾಂಡಿಗರಿಗೆ ಅಭ್ಯಾಸವಾಗಲೆಂದು ಇವನು ಅವರ ಕೈಲಿ ಗುದ್ದಿಸಿಕೊಳ್ಳುತ್ತಾನೆ, ಶನಿವಾರ ಬಂದರೆ ಒಗೆದ ಅಂಗಿ ತೊಟ್ಟು ನಿಲ್ಲುತ್ತಾನೆ. ಮೂರು ವರ್ಷದಲ್ಲಿ ಒಂದೇ ಒಂದು ಗಳಿಗೆಗೂ ಅವನನ್ನು ಆಟಕ್ಕೆ ಇಳಿಸಿರಲಿಲ್ಲ. ಮುಂದಿನ ವರ್ಷ ಅವನ ಕೊನೆಯ ವರ್ಷ. "ಹುಡುಗ ಬಿಡದೆ ದುಡೀತಾನೆ, ಮುಂದಿನ ವರ್ಷ ಆಡ್ಸೋಣ," ಎಂದು ಕೋಚ್ ಪೆಟಸ್ ಆಗಸ್ಟಿನಲ್ಲಿ ನನ್ನೆದುರೇ ಹೇಳಿದ್ದರು. ಆ ಒಂದು ಮಾತನ್ನು ನಾನು ಎದೆಯಲ್ಲಿಟ್ಟುಕೊಂಡು ಓಡಾಡುತ್ತಿದ್ದೆ. ಈಗ ಆ ಕೋಚ್ ಮನೆಯ ಮುಂದೆ ಹಲ್ಲು ಕಿರಿದುಕೊಂಡು ನಿಂತಿರುವವಳು ಆ ಹುಡುಗನ ತಾಯಿ.

ಕೋಲ್ಬಿಗೆ ಫೋನು ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಬೋರ್ಡಿನ ಸುದ್ದಿ ಅವನಿಗೂ ಮುಟ್ಟಿದೆ, ನಮ್ಮ ಮುಖ ನೋಡುವುದಿಲ್ಲ ಎಂದುಕೊಂಡೆ.

ಚರ್ಚಿಗೆ ಹೋಗುವ ದಾರಿಯುದ್ದಕ್ಕೂ ಆಟವೇ ಕಣ್ಣಮುಂದೆ ಬಂತು. ಅಂಥ ಸೋಲನ್ನು ಮರೆಯಬೇಕೆಂದರೂ ಆಗದು, ಹಲ್ಲಿನ ಸಂದಿಗೆ ಸಿಕ್ಕಿದ ನಾರಿನಂತೆ ನಾಲಗೆ ಅಲ್ಲಿಗೇ ಹೋಗುತ್ತದೆ. ಚೆಂಡು ಎಸೆಯುವವನು ಎಡಕ್ಕೆ ಎಸೆದರೆ ಹಿಡಿಯುವವನು ಬಲಕ್ಕೆ ಓಡುತ್ತಿದ್ದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನಮ್ಮ ತಂಡದ ಗುರುತು ಹೇಸರಗತ್ತೆ. ಗೆದ್ದಾಗ ಇಡೀ ಮೈದಾನ ಕತ್ತೆಯ ಹಾಗೆ ಕೂಗುತ್ತದೆ, ನನಗೆ ಅದಕ್ಕಿಂತ ಇಂಪಾದ ಸದ್ದಿಲ್ಲ. ನಿನ್ನೆ ಟಾಲ್ಬಟ್ಟಿನವರು ನಮ್ಮನ್ನು ನೋಡಿ ಹಾಗೆ ಕೂಗಿದರು. ಅರ್ಧ ಆಟದ ಹೊತ್ತಿಗೆ ಅವರದು ಮೂವತ್ತೈದು. ನಾಲ್ಕು ಭಾಗದ ಆಟದ ಮೂರನೆಯ ಭಾಗದಲ್ಲಿ ನಲವತ್ತೊಂಬತ್ತು. ಆಗ ಜನ ಏಳತೊಡಗಿದರು. ಮೊದಲು ಮಕ್ಕಳನ್ನು ಎತ್ತಿಕೊಂಡವರು, ಆಮೇಲೆ ಮುದುಕರು, ಕೊನೆಗೆ ಸಾಲುಸಾಲೇ. ರಾಯ್ಸ್ ಕೈಲಿದ್ದ ಬೇಯಿಸಿದ ಕಡಲೆಕಾಯಿಯ ಪೊಟ್ಟಣವನ್ನು ನೆಲಕ್ಕೆ ಬಡಿದು, "ನಡಿ, ಇನ್ನೇನಿದೆ ನೋಡೋಕೆ," ಎಂದ. ಮದುವೆಯಾದ ಮೇಲೆ ನಾವು ಆಟ ಮುಗಿಯುವ ಮೊದಲು ಎದ್ದು ಬಂದದ್ದು ಅದೇ ಮೊದಲು. ಗಾಡಿಯಲ್ಲಿ ರೇಡಿಯೋ ಹಾಕಲೂ ಅವನು ಬಿಡಲಿಲ್ಲ. ಟೀವಿಯವರಂತೂ ನಮ್ಮನ್ನು ಬಿಟ್ಟು ಬೇರೆ ಯಾವುದೋ ಜಿದ್ದಿನ ಆಟಕ್ಕೆ ಹಾರಿದ್ದರು.

ಚರ್ಚಿನಲ್ಲಿ ಕೋಚ್ ಪೆಟಸ್ ಕೂರುವುದು ನಮಗಿಂತ ಎರಡು ಬೆಂಚು ಮುಂದೆ. ಅಂದು ಬೆಂಚು ಖಾಲಿ ಇತ್ತು. ಪಾದ್ರಿಗಳು ತಾಳ್ಮೆಯ ಬಗ್ಗೆ ಮಾತಾಡುತ್ತಿದ್ದರು. ಅವರ ದನಿಯಲ್ಲೇ ತಾಳ್ಮೆ ಇರಲಿಲ್ಲ, ಅವರೂ ಆಟಕ್ಕೆ ಬಂದಿದ್ದವರೇ. ನನಗೆ ಒಂದು ಮಾತೂ ಕಿವಿಗೆ ಹೋಗಲಿಲ್ಲ. ಬೋರ್ಡು ನೋಡಿಯೇ ಕೋಚ್ ಬಂದಿಲ್ಲ, ನಾಳೆ ಕೋಲ್ಬಿಯನ್ನು ಕರೆದು ಅಂಗಿ ಬಿಚ್ಚಿಡು ಎನ್ನುತ್ತಾರೆ ಎಂದು ಮನಸ್ಸು ಬಡಬಡಿಸುತ್ತಿತ್ತು.

ಪಕ್ಕದಲ್ಲಿದ್ದ ಮುದುಕಿ ಮಿಸ್ ಇಮೋಜೀನ್ ನನ್ನ ತೊಡೆ ತಟ್ಟಿದಳು. ಅವಳ ಮನೆ ಕೋಚ್ ಮನೆಯ ಎದುರಿಗೇ.

"ಫೋಟೋ ಚೆನ್ನಾಗಿ ಬಂದಿದೆ ಕಣಮ್ಮ. ವಯಸ್ಸೇ ಕಾಣಲ್ಲ."

"ನಾನಲ್ಲ ನೆಟ್ಟಿದ್ದು, ಮಿಸ್ ಇಮೋಜೀನ್."

"ಗೊತ್ತು. ನಾನು ಕಿಟಕೀಲಿ ಕೂತು ನೋಡ್ತಿದ್ದೆ. ನಿನ್ನ ಗಂಡ ಕಲ್ಲು ತಗೊಂಡು ಬಡೀತಾ ಇದ್ದ. ನೆಟ್ಟೋರು ಬೇಕಾದಷ್ಟು ಜನ ಬಂದ್ರು, ಆದ್ರೆ ಅವನ ಹಾಗೆ ಮನಸ್ಸಿಟ್ಟು ಕೆಲಸ ಮಾಡಿದೋರು ಯಾರೂ ಇಲ್ಲ."

ರಾಯ್ಸ್ ಪ್ರಾರ್ಥನೆಯ ಪುಸ್ತಕದೊಳಗೆ ಮುಖ ಹುದುಗಿಸಿದ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಕೊನೆಯ ಹಾಡಿಗೆ ಕಾಯದೆ ಎದ್ದು ಹೊರಟೆ. ಅವನನ್ನು ಕರೆಯಲಿಲ್ಲ.

ಕೋಚ್ ಮನೆಯ ಮುಂದೆ ಏಳೆಂಟು ಬೋರ್ಡುಗಳಿದ್ದವು. ನನ್ನದು ನಟ್ಟನಡುವೆ, ಎಲ್ಲರಿಗಿಂತ ಎತ್ತರಕ್ಕೆ. ಸದ್ದಾಗದಂತೆ ಕಿತ್ತುಕೊಂಡು ಓಡಿಬಿಡೋಣ ಎಂದು ಚರ್ಚಿನ ಚಪ್ಪಲಿಯಲ್ಲೇ ಹುಲ್ಲಿಗಿಳಿದೆ. ಎಳೆದೆ. ಅಲುಗಲಿಲ್ಲ. ಹಿಮ್ಮಡಿ ಕೊಟ್ಟು ಮತ್ತೆ ಎಳೆದೆ. ಹಾಳಾದವನು ಹೆಬ್ಬಾಗಿಲಿನ ಕಂಬದ ಹಾಗೆ ಹೂತಿದ್ದ.

"ಅದೊಂದು ಬಿಡಿ, ಮಿಸ್ ವರ್ಲೀನ್. ಬೇಕಿದ್ರೆ ಮಿಕ್ಕಿದ್ದು ಕೀಳಿ."

ಕೋಚ್ ಪೆಟಸ್ ಜಗಲಿಯ ಮೆಟ್ಟಿಲ ಮೇಲೆ ಕಾಲುಚೀಲದಲ್ಲಿ ಕೂತಿದ್ದರು. ಕೈಯಲ್ಲಿ ಕಾಫಿ ಲೋಟ. ಗಡ್ಡ ಹೆರೆದಿರಲಿಲ್ಲ. ನಾನು ಬೋರ್ಡಿನಿಂದ ಕೈ ತೆಗೆದೆ.

"ಕೋಚ್, ತಪ್ಪಾಯ್ತು. ನನ್ನ ಗಂಡನಿಗೆ ತಲೆ ಕೆಟ್ಟಿತ್ತು. ಹುಡುಗನ ಮೇಲೆ ಮಾತ್ರ ಇದನ್ನ ಹಾಕ್ಬೇಡಿ. ಅವನಿಗೆ ಇದೇನೂ ಗೊತ್ತಿಲ್ಲ..."

"ಕೂತ್ಕೊಳ್ಳಿ. ನಾನು ತಮಾಷೆಗೆ ಹೇಳಿಲ್ಲ. ಬೆಳಿಗ್ಗೆ ಕಾಲೇಜಿಂದ ಫೋನ್ ಬಂದಿತ್ತು. ನನ್ನನ್ನ ತೆಗೆದ್ರು. ಮನೆ ಮಾರ್ಲೇಬೇಕು, ನನ್ನ ಹೆಂಡ್ತಿ ಮಾರ್ಲಾ ಆಗ್ಲೇ ಒಳಗೆ ಪಾತ್ರೆ ಕಟ್ತಿದಾಳೆ. ಮಾರ್ಸೋರೇ ಬಂದು ಬೋರ್ಡ್ ನೆಟ್ಟಿದಾರಲ್ಲ, ಇನ್ಯಾರನ್ನ ಹುಡುಕ್ಲಿ?"

ನಾನು ಮೆಟ್ಟಿಲ ಮೇಲೆ ಕೂತೆ. ನಿನ್ನೆ ಇಡೀ ಊರು ಬೇಡಿಕೊಂಡದ್ದು ಇದನ್ನೇ. ದೇವರು ಇಷ್ಟು ಬೇಗ ಕಿವಿಗೊಡುತ್ತಾನೆಂದು ಗೊತ್ತಿದ್ದರೆ ನಾನು ಬೇರೆ ಏನಾದರೂ ಕೇಳಿಕೊಳ್ಳುತ್ತಿದ್ದೆ. ಆಗಸ್ಟಿನಲ್ಲಿ ಮಾತು ಕೊಟ್ಟ ಮನುಷ್ಯ ಈಗ ಕೋಚೇ ಅಲ್ಲ.

"ಹಾಗಾದ್ರೆ... ಮುಂದಿನ ವರ್ಷ ಕೋಲ್ಬಿ?"

"ಬರೋನು ತನ್ನ ಹುಡುಗರನ್ನ ಕರ್ಕೊಂಡು ಬರ್ತಾನೆ. ಸುಳ್ಳು ಹೇಳಲ್ಲ ನಾನು. ಬಾಗಿಲು ತಟ್ಟಿ ಬಂದೋರನ್ನ ಮೊದಲು ಕಳಿಸ್ತಾರೆ." ಲೋಟದೊಳಗೆ ನೋಡಿಕೊಂಡು ಸ್ವಲ್ಪ ನಕ್ಕರು. "ಆದ್ರೂ ಒಂದ್ಸಲ ಆಡಿದ್ನಲ್ಲ, ಅದನ್ನ ಯಾರೂ ಕಿತ್ಕೊಳ್ಳೋಕಾಗಲ್ಲ."

"ಎಲ್ಲಿ ಆಡಿದ?"

ಅವರು ನನ್ನನ್ನೇ ನೋಡಿದರು. ನಿಧಾನವಾಗಿ ಲೋಟ ಕೆಳಗಿಟ್ಟರು.

"ನೀವು ಎದ್ದು ಹೋಗಿದ್ರಾ?"

ಅಷ್ಟೊಂದು ಸೋತ ಮೇಲೆ ದೊಡ್ಡ ಆಟಗಾರರನ್ನು ಕೂರಿಸಿ ಗೆರೆಯಾಚೆ ನಿಂತವರನ್ನು ಇಳಿಸುತ್ತಾರೆ. ಕೈಕಾಲು ಮುರಿದರೆ ನಷ್ಟವಾಗದವರನ್ನು. ಅದು ನನಗೆ ಗೊತ್ತಿತ್ತು, ರಾಯ್ಸ್‌ಗೂ ಗೊತ್ತಿತ್ತು, ಚಿಕ್ಕಂದಿನಿಂದ ನೋಡಿಕೊಂಡು ಬಂದಿದ್ದೇವೆ. ಸಿಟ್ಟಿನಲ್ಲಿ ಇಬ್ಬರಿಗೂ ಅದು ಹೊಳೆಯಲಿಲ್ಲ. ತಂಡ ಸೋಲುತ್ತಿದೆ ಎಂದು ನೋಡಿದೆವು, ಮಗನ ಸರದಿ ಬರುತ್ತಿದೆ ಎಂದು ನೋಡಲಿಲ್ಲ.

"ಕೊನೆ ಆರೇಳು ನಿಮಿಷ ಅವನೇ ಇದ್ದ," ಎಂದರು ಕೋಚ್. "ಅವರ ಕಡೆಯ ಎತ್ತಿನಂಥ ಹುಡುಗ ಒಬ್ಬ ಚೆಂಡು ಅವುಚ್ಕೊಂಡು ನುಗ್ಗಿದ. ಕೋಲ್ಬಿ ಸೊಂಟಕ್ಕೆ ಕೈ ಹಾಕಿ ಮಲಗಿಸ್ಬಿಟ್ಟ. ನಿನ್ನೆ ಪೂರ್ತಿ ಆಟದಲ್ಲಿ ಅಷ್ಟು ಚೆನ್ನಾಗಿ ಯಾರೂ ಯಾರನ್ನೂ ಕೆಡವಲಿಲ್ಲ. ಎದ್ದು ನಿಂತು ಮೇಲೆ ನೋಡ್ದ." ಅವರು ಮತ್ತೆ ಲೋಟ ಕೈಗೆತ್ತಿಕೊಂಡರು. ಯಾವ ಕಡೆ ನೋಡಿದ ಎಂದು ನಾನು ಕೇಳಲಿಲ್ಲ.

ಮನೆಗೆ ಬಂದು ರಾಯ್ಸ್‌ಗೆ ಹೇಳಿದೆ. ಅವನು ಬಾಗಿಲಲ್ಲೇ ನಿಂತು ಕೇಳಿದ. ಆಮೇಲೆ ಹೊರಗೆ ಹೋಗಿ ಗಾಡಿಯೊಳಗೆ ಕೂತುಬಿಟ್ಟ. ಗಾಡಿ ಶುರು ಮಾಡಲಿಲ್ಲ, ಸುಮ್ಮನೆ ಕೂತಿದ್ದ. ನನಗೆ ಅವನನ್ನು ಬೈಯಬೇಕೆನಿಸಿತ್ತು. ಆದರೆ ಅವನು ನಡಿ ಎಂದಾಗ ನಾನೂ ಚೀಲ ಹೆಗಲಿಗೇರಿಸಿದವಳೇ. ಕೋಳಿ ಕರಿಯಲು ನಿಂತೆ, ಎಣ್ಣೆ ಸಿಡಿದು ಮುಂಗೈ ಸುಟ್ಟುಕೊಂಡೆ.

ಮಧ್ಯಾಹ್ನ ಊಟಕ್ಕೆ ಕೋಲ್ಬಿ ಬಂದ. ಭಾನುವಾರ ಎಂದೂ ತಪ್ಪಿಸುವವನಲ್ಲ. ಕೆಳತುಟಿ ಊದಿತ್ತು, ಮೊಣಕೈ ತರಚಿ ಹಸಿಯಾಗಿತ್ತು. ಕಾಲೇಜಿನಲ್ಲಿ ಹುಡುಗರನ್ನೆಲ್ಲ ಕರೆದು ಕೋಚ್ ವಿಷಯ ಹೇಳಿದರಂತೆ, ಅದಕ್ಕೇ ಫೋನು ಎತ್ತಲಾಗಲಿಲ್ಲವಂತೆ. ಬೋರ್ಡಿನ ವಿಷಯವೂ ಗೊತ್ತಿತ್ತು. "ಅಪ್ಪ, ನಿನ್ನ ಹೆಸರು ಇಡೀ ತಂಡಕ್ಕೆ ಗೊತ್ತಾಯ್ತು," ಎಂದು ನಕ್ಕ, ತುಟಿ ನೋವಾಗಿ ನಿಲ್ಲಿಸಿದ.

ರಾಯ್ಸ್ ಮುಳ್ಳುಚಮಚ ಕೆಳಗಿಟ್ಟ. "ಮಗಾ, ನಾವು ನಿನ್ನೆ..."

"ಗೊತ್ತಪ್ಪ. ನೋಡಿದೆ. ನಿಮ್ಮ ಸಾಲಲ್ಲಿ ಒಬ್ಬರೂ ಇರ್ಲಿಲ್ಲ."

ನಾನು ಕೋಳಿಯ ತಟ್ಟೆಯನ್ನು ಅವನತ್ತ ಸರಿಸಿದೆ. ಅವನು ಮೆಕ್ಕೆಜೋಳದ ಬ್ರೆಡ್ಡು ಮುರಿದು ಅಲ್ಲೇ ಬಿಟ್ಟ.

"ಒಂದು ಹೇಳ್ತೀನಿ, ಅಮ್ಮ ಬೇಜಾರು ಮಾಡ್ಕೋಬಾರ್ದು."

"ಹೇಳು."

"ಕೆಳಗಿಂದ ನೀನು ಚೆನ್ನಾಗಿ ಕಾಣ್ತೀಯ. ಎರಡೂ ಕೈ ಬಾಯಿ ಮೇಲೆ ಇಟ್ಕೊಂಡು ಕೂತಿರ್ತೀಯ, ನಾನು ಗೆರೆಯಾಚೆ ಸುಮ್ನೆ ನಿಂತಿದ್ರೂ. ಮೂರು ವರ್ಷದಿಂದ ಅದನ್ನೇ ನೋಡ್ತಿದೀನಿ. ಇವತ್ತೆಲ್ಲಿ ಇಳಿಸ್ತಾರೋ, ಅಮ್ಮನಿಗೆ ಏನಾಗುತ್ತೋ ಅಂತ ನನಗೇ ಹೆದರಿಕೆ ಆಗ್ತಿತ್ತು. ನಿನ್ನೆ ಇಳಿದಾಗ ಮೇಲೆ ನೋಡ್ದೆ. ನೀನಿರ್ಲಿಲ್ಲ. ಮೊದಲು ಬೇಜಾರಾಯ್ತು. ಆಮೇಲೆ..." ಅವನು ತಟ್ಟೆ ನೋಡಿಕೊಂಡು ಹೇಳಿದ, "ಆಮೇಲೆ ಹೆದರಿಕೆನೇ ಆಗ್ಲಿಲ್ಲಮ್ಮ. ಒಂಚೂರೂ ಆಗ್ಲಿಲ್ಲ."

ಮಗನಿಗೋಸ್ಕರ ಹೆದರುವುದೇ ನನ್ನ ಪ್ರೀತಿ ಎಂದು ನಾನು ತಿಳಿದಿದ್ದೆ. ಅದನ್ನು ಅವನು ಹೊತ್ತುಕೊಂಡು ನಿಂತಿದ್ದ.

ಹೊಸ ಕೋಚ್ ಏನನ್ನುತ್ತಾನೆ, ನೀನು ಈಗಲೇ ಹೋಗಿ ಯಾರನ್ನಾದರೂ ಕಂಡು ಬಾ, ಆ ಮೊಣಕೈಗೆ ಏನು ಹಚ್ಚಿದೆ, ಇಷ್ಟೂ ಪ್ರಶ್ನೆ ನಾಲಗೆಯ ತುದಿಯಲ್ಲಿದ್ದವು. ನುಂಗಿಕೊಂಡೆ.

"ಹೇಗೆ ಕೆಡವಿದೆ ಅವನನ್ನ? ಹೇಳು."

ಅವನು ತಲೆಯೆತ್ತಿದ. ಉಪ್ಪಿನ ಡಬ್ಬಿಯನ್ನು ಟಾಲ್ಬಟ್ಟಿನ ದಾಂಡಿಗನನ್ನಾಗಿ ಮಾಡಿ, ತನ್ನ ಲೋಟವನ್ನು ತಾನಾಗಿ ಮಾಡಿ, ಅಪ್ಪನ ತಟ್ಟೆಯನ್ನು ಪಕ್ಕಕ್ಕೆ ತಳ್ಳಿ ಜಾಗ ಮಾಡಿಕೊಂಡ. "ಇವನು ಇಲ್ಲಿಂದ ಬಂದ ನೋಡು, ತಲೆ ಬಗ್ಗಿಸ್ಕೊಂಡು, ನೇರವಾಗಿ ನನ್ನ ಮೇಲೆ..." ರಾಯ್ಸ್ ಮುಂದಕ್ಕೆ ಬಾಗಿ ಕೂತ. ಉಪ್ಪಿನ ಡಬ್ಬಿ ವೇಗವಾಗಿ ಬರುತ್ತಿತ್ತು. ನಾನು ಎರಡೂ ಕೈಗಳನ್ನು ಮೇಜಿನ ಕೆಳಗೆ ಗಟ್ಟಿಯಾಗಿ ಹಿಡಿದುಕೊಂಡು, ಅವನ ಮುಖ ನೋಡುತ್ತಾ ಕೂತೆ.