ಬಾಯಿಬಿಟ್ಟು ಬೇಡಿದ್ದು

ಇಸ್ತ್ರಿ ಅಂಗಡಿಯ ತಾಯಿಗೆ ಮನಸ್ಸಿನೊಳಗೇ ಪ್ರಾರ್ಥಿಸಲು ಬರುತ್ತಿರಲಿಲ್ಲ. ಬುದ್ಧಿ ಬಂದಾಗಿನಿಂದ ದೇವರೊಡನೆ ಅವಳದು ಬಾಯಿಬಿಟ್ಟೇ ಮಾತು. "ದೇವರಿಗೇನು ಕಿವುಡಾ ಅಮ್ಮ?" ಎಂದು ಮಗಳು ನಗುತ್ತಿದ್ದಳು. "ದೊಡ್ಡ ಸಂಸಾರ ಕಣೇ ಅವನದು. ಆ ಗದ್ದಲದಲ್ಲಿ ನಮ್ಮದೂ ಕೇಳಿಸಬೇಡವಾ?" ಎನ್ನುತ್ತಿದ್ದಳು ತಾಯಿ.

ಮಗಳು ಡಾಕ್ಟರ್ ಓದಿಗೆ ಪರೀಕ್ಷೆ ಬರೆದಿದ್ದಳು. ಅವಳ ಅಣ್ಣ ಅದೇ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದು, ಮೂರನೆಯದಕ್ಕೆಂದು ದೂರದ ಊರಿನಲ್ಲಿ ಕೋಚಿಂಗ್ ಸೇರಿದ್ದ.

"ಗಂಡು, ಎಷ್ಟು ಸಲ ಬಿದ್ದರೂ ಎದ್ದಾನು. ಇವಳನ್ನೂ ಕಳಿಸಿಬಿಟ್ಟರೆ ಅಂಗಡೀಲಿ ನಿಲ್ಲೋರು ಯಾರು? ನಮ್ಮ ಪಂಡಿತೆ ಓದಿದ್ದು ಸಾಕು," ಎಂದು ತಾಯಿಯೊಬ್ಬಳೇ ಇದ್ದಾಗ ತಂದೆ ಕಡ್ಡಿ ಮುರಿದಂತೆ ಹೇಳಿದ್ದ.

ಅದಕ್ಕೆ ಎದುರಾಡುವ ಎದೆ ತಾಯಿಗಿರಲಿಲ್ಲ. ಗೆದ್ದು ಬಂದ ಮಗಳ ಮುಖ ನೋಡಿ 'ಬೇಡ' ಎನ್ನುವ ಎದೆಯಂತೂ ಮೊದಲೇ ಇಲ್ಲ. ಹಾಗಾಗಿ ಫಲಿತಾಂಶದ ಹಿಂದಿನ ದಿನ ಬೆಳಗ್ಗೆ ದೀಪ ಹಚ್ಚಿ, ಆದಷ್ಟು ಸಣ್ಣ ದನಿಯಲ್ಲಿ ಬೇಡಿಕೊಂಡಳು: "ಅಪ್ಪಾ, ಅವಳು ಪಾಸಾಗದಿರಲಿ. ಇಲ್ಲ ಅನ್ನೋದನ್ನ ನೀನೇ ಅಂದುಬಿಡು. ನಮ್ಮ ಬಾಯಲ್ಲಿ ಅನ್ನಿಸಬೇಡ."

ಆಚೆ ಮಗಳು ಕಸ ಗುಡಿಸುತ್ತಿದ್ದ ಪೊರಕೆಯ ಸದ್ದು ನಿಂತಿತು. ನಿಂತದ್ದು ತಾಯಿಯ ಗಮನಕ್ಕೆ ಬರಲಿಲ್ಲ.

ಮರುದಿನ ಮಗಳು ಬಂದು, "ಆಗಲಿಲ್ಲಮ್ಮ, ಸೀಟು ಸಿಗೋವಷ್ಟು ಅಂಕ ಬರಲಿಲ್ಲ," ಎಂದಳು. "ಹೋಗಲಿ ಬಿಡು ಪಂಡಿತೆ, ಹಣೇಲಿ ಬರೆದಿದ್ದು," ಎಂದು ತಂದೆ ಅವಳ ತಲೆ ಸವರಿದ. ತಾಯಿ ಹಗುರಾದಳು. ಹಗುರಾದದ್ದಕ್ಕೆ ನಾಚಿ, ಮಗಳ ತಟ್ಟೆಗೆ ತುಸು ಹೆಚ್ಚಿಗೆ ಬಡಿಸಿದಳು.

ಕೆಲವು ವಾರಗಳ ಮೇಲೆ ಮಗಳ ಟೀಚರು ಬಟ್ಟೆ ಕೊಡಲು ಅಂಗಡಿಗೆ ಬಂದರು.

"ಅಲ್ಲಮ್ಮಾ, ಕೈಗೆ ಬಂದ ಸೀಟು ಯಾರಾದರೂ ಬಿಡ್ತಾರಾ? ಸೇರೋದಕ್ಕೆ ನಿನ್ನೆಯೇ ಕಡೇ ದಿನ. ಎಷ್ಟು ಹೇಳಿದರೂ ಕೇಳಲಿಲ್ಲ. 'ಅಪ್ಪ ಬೇಡ ಅಂದಿದ್ದರೆ ಜಗಳ ಆಡಿಯಾದರೂ ಹೋಗ್ತಿದ್ದೆ ಮೇಡಂ, ಅಮ್ಮನಿಗೇ ಇಷ್ಟವಿಲ್ಲ' ಅಂದಳು."

ತಾಯಿ ಚಿಮುಕಿಸಿದ್ದ ನೀರು ಅಂಗಿಯ ಮೇಲೇ ಆರಿಹೋಯಿತು. ಒಳಗೆ ಮಗಳು ಮಡಿಸಿದ ಬಟ್ಟೆ ಪೇರಿಸುತ್ತಿದ್ದಳು. ಎಲ್ಲ ಕೇಳಿಸಿದರೂ ತಲೆಯೆತ್ತಲಿಲ್ಲ.

ಮಾರನೆಯ ಬೆಳಗ್ಗೆ ತಾಯಿ ದೀಪದ ಮುಂದೆ ಸುಮ್ಮನೆ ನಿಂತಿದ್ದಳು. ತುಟಿ ಅಲುಗಿತು, ದನಿ ಹೊರಡಲಿಲ್ಲ. ಮಗಳು ಪಕ್ಕಕ್ಕೆ ಬಂದು, ವಾಲಿದ ಬತ್ತಿಯನ್ನು ಸರಿಮಾಡಿ, ಮೆಲ್ಲಗೆ ಹೇಳಿದಳು:

"ಕೈ ಮುಗಿಯಮ್ಮ. ಕೇಳಿದ್ದು ಕೊಟ್ಟನಲ್ಲ."